ಮುಟ್ಟು ನಿಂತರೆ ಎಲುಬಿಗೆ ಏನಾಗುತ್ತದೆ? ಕಾಲೇಜಿನ ಮಗಳಿಗೂ, ಐವತ್ತರ ಅವ್ವನಿಗೂ

ಎಲುಬಿನ ವಾರ್ಡ್ ಅಕ್ಕ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾನು ಎಲುಬಿನ ವಾರ್ಡಿನಲ್ಲಿ ನರ್ಸ್. ಬಹಳ ದಿನದಿಂದ ಬರೆಯಬೇಕು ಅಂದುಕೊಂಡ ವಿಷಯ ಇದು. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ, ಮನೆಯ ಹೆಣ್ಣುಮಕ್ಕಳಿಗೂ ಓದಿ ಹೇಳಿ.

ಬಚ್ಚಲಲ್ಲಿ ಜಾರಿ, ಕೈ ಊರಿ ಬಿದ್ದು, ಮಣಿಕಟ್ಟು ಮುರಿದುಕೊಂಡು ಬರುವ ಐವತ್ತು ದಾಟಿದ ಹೆಂಗಸರನ್ನು ನಾವು ಸದಾ ನೋಡುತ್ತೇವೆ. ಅವರ ಬಗ್ಗೆ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಆದರೆ ಅದೇ ವಾರ್ಡಿಗೆ ಹದಿನೆಂಟು, ಇಪ್ಪತ್ತರ ಹುಡುಗಿಯರೂ ಬರುತ್ತಾರೆ. ಬಿದ್ದಿರುವುದಿಲ್ಲ, ಪೆಟ್ಟೂ ಆಗಿರುವುದಿಲ್ಲ. ಮೊಣಕಾಲ ಕೆಳಗೆ ಅಥವಾ ಪಾದದಲ್ಲಿ ನೋವು, ವಾರಗಟ್ಟಲೆ ಮುಲಾಮು ಹಚ್ಚಿ ಕಡಿಮೆಯಾಗದೆ ಬಂದಿರುತ್ತಾರೆ, ಸ್ಕ್ಯಾನ್ ಮಾಡಿದರೆ ಎಲುಬಿನಲ್ಲಿ ಸಣ್ಣ ಬಿರುಕು. ಮುಟ್ಟು ಯಾವಾಗ ಆಗಿತ್ತು ಅಂತ ಕೇಳಿದರೆ ಹುಡುಗಿ ಅವ್ವನ ಮುಖ ನೋಡುತ್ತಾಳೆ. "ಐದಾರು ತಿಂಗಳಿಂದ ಆಗಿಲ್ರಿ, ಓದೋ ಟೆನ್ಶನ್ ಇರಬೇಕು" ಅಂತ ಅವ್ವನೇ ಉತ್ತರ ಕೊಡುತ್ತಾಳೆ. ಊಟದ ಬಗ್ಗೆ ಕೇಳಿದರೆ ಇಬ್ಬರೂ ಸುಮ್ಮನಾಗುತ್ತಾರೆ.

ಊಟ ಬಿಟ್ಟು ಮುಟ್ಟು ನಿಂತ ಮಗಳು, ವಯಸ್ಸಿಗೆ ಮುಟ್ಟು ನಿಂತ ಅವ್ವ, ಇಬ್ಬರ ಎಲುಬೂ ಒಂದೇ ಕೊರತೆಯಿಂದ ಸವೆಯುತ್ತಿರುತ್ತದೆ. ಅವ್ವನ ಬಗ್ಗೆ ಮಾತಾಡುತ್ತೇವೆ, ಮಗಳ ಬಗ್ಗೆ ಮಾತಾಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಮಾಳಿಗೆ ಮನೆಗೆ ಮಳೆಗಾಲದ ಮುಂಚೆ ಹಳೆ ಮಣ್ಣು ಕೆರೆದು ಹೊಸ ಮಣ್ಣು ಹಾಕುತ್ತಾರಲ್ವಾ, ಎಲುಬಿನಲ್ಲೂ ಆ ಕೆಲಸ ಜೀವಮಾನವಿಡೀ ನಡೆಯುತ್ತದೆ. ಕೆರೆಯುವ ಕಣಗಳು ಬೇರೆ, ತುಂಬುವ ಕಣಗಳು ಬೇರೆ. ಕೆರೆಯುವವು ಮಿತಿ ಮೀರದಂತೆ ಹಿಡಿದಿಡುವುದು ಈಸ್ಟ್ರೋಜೆನ್ ಹಾರ್ಮೋನು. ಮುಟ್ಟು ಪೂರ್ತಿ ನಿಂತ ಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ, ಕೆರೆಯುವುದು ಜಾಸ್ತಿ ಆಗುತ್ತದೆ. ಮೊದಲ ಐದರಿಂದ ಏಳು ವರ್ಷದಲ್ಲಿ ಕೆಲವರಿಗೆ ಎಲುಬಿನ ಸಾಂದ್ರತೆ 20 ಪರ್ಸೆಂಟ್‌ವರೆಗೂ ಹೋಗಬಹುದು. ಊಟ ಬಿಟ್ಟ ಹುಡುಗಿಗೆ ಇದಕ್ಕಿಂತ ಕಷ್ಟ. ಈಸ್ಟ್ರೋಜೆನ್ ಇಳಿದಿರುತ್ತದೆ, ಜೊತೆಗೆ ಎಲುಬು ಬೆಳೆಸುವ ಐಜಿಎಫ್-1 ಅನ್ನುವುದೂ ಇಳಿದಿರುತ್ತದೆ, ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನು ಏರಿರುತ್ತದೆ. ಅಂದರೆ ಕೆರೆಯುವುದು ಜಾಸ್ತಿ, ತುಂಬುವುದೂ ಕಡಿಮೆ. ಅದೂ ಯಾವ ವಯಸ್ಸಿನಲ್ಲಿ? ಎಲುಬಿನ ಗಟ್ಟಿತನದ ಬಹುಪಾಲು ಇಪ್ಪತ್ತರ ಒಳಗೇ ಕೂಡಿಬರುತ್ತದೆ. ಆ ವರ್ಷಗಳು ತಪ್ಪಿದರೆ ಮುಂದೆ ಎಷ್ಟು ತಿಂದರೂ ಪೂರ್ತಿ ಸರಿಹೋಗುವುದು ಕಷ್ಟ. ಅವಳಿಗೂ ಒಂದು ದಿನ ವಯಸ್ಸಾಗಿ ಮುಟ್ಟು ನಿಲ್ಲುತ್ತದೆ, ಆಗ ಕಳೆದುಕೊಳ್ಳಲು ಅವಳ ಹತ್ತಿರ ಇರುವುದೇ ಕಡಿಮೆ.

ನಿಮ್ಮ ಮನೆಯಲ್ಲಿ ಹೇಗಿದೆ? ಬರೆಯಿರಿ. ಹೆಸರು ಹಾಕುವುದು ಬೇಡ.


ಬೈಲಹೊಂಗಲದ ರೊಟ್ಟಿ

ಅಕ್ಕಾರ, ನೀವು ಬರೆದದ್ದು ಅವ್ವಂದಿರ ವಿಷಯಕ್ಕೆ ಸರಿ. ಆದರೆ ಈ ಊಟ ಬಿಡುವ ಕಾಯಿಲೆ ಮುಂಬೈ, ಬೆಂಗಳೂರಿನ ದೊಡ್ಡ ಮನೆಯವರದ್ದು ಅನ್ನಿಸುತ್ತದೆ. ನಮ್ಮ ಕಡೆ ಹುಡುಗಿಯರು ಜೋಳದ ರೊಟ್ಟಿ, ಪುಂಡಿಪಲ್ಯ, ಮೊಸರು ಉಂಡು ಬೆಳೆದವರು. ನಮ್ಮ ಆಯಿ ಎಪ್ಪತ್ತರಲ್ಲೂ ಹೊಲಕ್ಕೆ ಬುತ್ತಿ ಹೊತ್ತು ಹೋಗುತ್ತಿದ್ದಳು. ಯಾವ ಕ್ಯಾಲ್ಸಿಯಂ ಗುಳಿಗೆ ನುಂಗಿದ್ದಳು?


ಎಲುಬಿನ ವಾರ್ಡ್ ಅಕ್ಕ, ವಿಜಯಪುರ

ನಿಮ್ಮ ಆಯಿ ತಲೆ ಮೇಲೆ ಭಾರ ಹೊತ್ತು ನಡೆದದ್ದು ಎಲುಬಿಗೆ ಒಳ್ಳೆಯದೇ ಆಯಿತು, ಅದರಲ್ಲಿ ಸುಳ್ಳಿಲ್ಲ. ಮೈಮೇಲೆ ಭಾರ ಬಿದ್ದಾಗಲೇ ಎಲುಬು ಗಟ್ಟಿಯಾಗುವುದು. ಆದರೆ ಒಂದು ಕೇಳುತ್ತೇನೆ, ಓಣಿಯಲ್ಲಿ ಬೆನ್ನು ಬಾಗಿ ನೆಲ ನೋಡುತ್ತಾ ನಡೆಯುವ ಆಯಿಗಳು ಎಷ್ಟು ಜನ ಇದ್ದರು? ನಾವೆಲ್ಲ ಅದನ್ನು ವಯಸ್ಸು ಅಂದೆವು. ಬಹಳ ಜನರಿಗೆ ಅದು ಬೆನ್ನೆಲುಬಿನ ಮಣಿಗಳು ಒಂದೊಂದೇ ಕುಸಿದದ್ದು. ಆ ಮುರಿತಕ್ಕೆ ಎಷ್ಟೋ ಸಲ ದೊಡ್ಡ ನೋವೇ ಇರುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ. ಮೊದಲಿಗಿಂತ ಎತ್ತರ ನಾಲ್ಕು ಸೆಂಟಿಮೀಟರ್‌ನಷ್ಟು ಕಡಿಮೆ ಆಗಿದ್ದರೆ ಎಕ್ಸ್-ರೇ ತೆಗೆಸಲೇಬೇಕು.

ಕಾಯಿಲೆ ದೊಡ್ಡ ಮನೆಯವರದ್ದು ಅನ್ನುವುದನ್ನು ಮಾತ್ರ ಒಪ್ಪಲ್ಲ. ಇಲ್ಲಿ ಅದು ಬೇರೆ ಹೆಸರಿನಲ್ಲಿ ಇರುತ್ತದೆ. ಸೋಮವಾರ ಒಪ್ಪತ್ತು, ಗುರುವಾರ ಒಪ್ಪತ್ತು, ಶನಿವಾರ ಉಪವಾಸ, ನಡುವೆ ಏಕಾದಶಿ. ದೇವರ ಹೆಸರಲ್ಲಿ ಇದ್ದರೆ ಯಾರೂ ಪ್ರಶ್ನೆ ಮಾಡುವುದಿಲ್ಲ, ಹುಡುಗಿ ಬಹಳ ಭಕ್ತಿವಂತೆ ಅನ್ನುತ್ತಾರೆ. ಒಪ್ಪತ್ತು ಮಾಡುವವರೆಲ್ಲ ರೋಗಿಗಳು ಅಂತ ನಾನು ಹೇಳುತ್ತಿಲ್ಲ, ನಾನೂ ಶ್ರಾವಣದಲ್ಲಿ ಮಾಡುತ್ತೇನೆ. ಒಪ್ಪತ್ತು ಮುಗಿದ ದಿನವೂ ಅವಳು ಉಣ್ಣುತ್ತಿಲ್ಲ, ತಾಟಿನಲ್ಲಿ ರೊಟ್ಟಿ ಮುರಿದು ಅತ್ತಿತ್ತ ಸರಿಸುತ್ತಾಳೆ, ಉಂಡ ಕೂಡಲೇ ಬಚ್ಚಲಿಗೆ ಹೋಗುತ್ತಾಳೆ, ಸದಾ ಚಳಿ ಅನ್ನುತ್ತಾಳೆ, ಕೂದಲು ಉದುರುತ್ತಿದೆ ಅಂದರೆ ಅದು ಭಕ್ತಿಯ ವಿಷಯ ಅಲ್ಲ.


ಹೆಸರು ಬೇಡ, ಬೆಳಗಾವಿ

ಅಕ್ಕಾ, ನಾನು ಅದೇ ಹುಡುಗಿ. ಈಗ ಇಪ್ಪತ್ತಾರು.

ಪಿಯುಸಿಯಲ್ಲಿ ಶುರುವಾಯಿತು. ಮನೆಗೆ ಬಂದ ನೆಂಟರು ಒಬ್ಬೊಬ್ಬರೂ "ಸ್ವಲ್ಪ ಇಳಿಸು, ನಾಳೆ ನೋಡಲಿಕ್ಕೆ ಬರುತ್ತಾರೆ" ಅನ್ನುತ್ತಿದ್ದರು. ಇಳಿಸಿದೆ. ಎಲ್ಲರೂ ಹೊಗಳಿದರು. ಎಷ್ಟು ಇಳಿಸಿದೆ, ಹೇಗೆ ಇಳಿಸಿದೆ ಅಂತ ಇಲ್ಲಿ ಬರೆಯುವುದಿಲ್ಲ, ಓದಿ ಯಾರಾದರೂ ಹಾಗೆ ಮಾಡಬಾರದು. ಮುಟ್ಟು ನಿಂತಿತು. ಒಂದು ಕಡೆ ತೋರಿಸಿದಾಗ ಗರ್ಭನಿರೋಧಕ ಗುಳಿಗೆ ಕೊಟ್ಟರು. ತಿಂಗಳಿಗೊಮ್ಮೆ ರಕ್ತ ಬಂತು. ಅವ್ವನಿಗೆ ಸಮಾಧಾನ, ನನಗೂ ಸಮಾಧಾನ, ಎಲ್ಲ ಸರಿ ಆಯಿತು ಅಂತ ನಾನು ಮತ್ತೂ ಕಡಿಮೆ ಉಂಡೆ. ಊಟದ ಬಗ್ಗೆ ಅವತ್ತು ಯಾರೂ ಕೇಳಲಿಲ್ಲ. ಆಮೇಲೆ ಬಸ್ಸಿಂದ ಇಳಿಯುವಾಗ ಕಾಲು ತಿರುಚಿ ಪಾದದ ಎಲುಬು ಮುರಿಯಿತು. ಅಲ್ಲಿಂದ ಡೆಕ್ಸಾ, ಅಂದರೆ ಎಲುಬಿನ ಸಾಂದ್ರತೆ ಅಳೆಯುವ ಸ್ಕ್ಯಾನ್, ಮಾಡಿಸಿದರು. ನನ್ನ ರಿಪೋರ್ಟ್ ನೋಡಿ ಅವ್ವ ಅತ್ತಳು. ಅವಳದೂ ಅದೇ ವಾರ ಮಾಡಿಸಿದ್ದೆವು, ಅವಳದು ನನಗಿಂತ ಚೆನ್ನಾಗಿತ್ತು.

ಈಗ ಉಣ್ಣುತ್ತೇನೆ. ಪ್ರತಿದಿನ ಸುಲಭ ಇರುವುದಿಲ್ಲ. ಆದರೆ ಉಣ್ಣುತ್ತೇನೆ.


ಎಲುಬಿನ ವಾರ್ಡ್ ಅಕ್ಕ, ವಿಜಯಪುರ

ತಂಗಿ, ನೀನು ಇದನ್ನು ಬರೆದದ್ದಕ್ಕೆ ಕೈ ಮುಗಿಯುತ್ತೇನೆ.

ಆ ಗುಳಿಗೆಯ ಮಾತು ಎಲ್ಲ ತಾಯಂದಿರಿಗೂ ಗೊತ್ತಾಗಬೇಕು. ಗರ್ಭನಿರೋಧಕ ಗುಳಿಗೆ ನುಂಗಿದಾಗ ತಿಂಗಳಿಗೊಮ್ಮೆ ಬರುವುದು ಗುಳಿಗೆ ಬಿಟ್ಟ ದಿನಗಳ ರಕ್ತ. ಮೈ ತಾನಾಗಿ ಚೇತರಿಸಿಕೊಂಡು ಬಂದ ಮುಟ್ಟು ಅದಲ್ಲ. ಅನೊರೆಕ್ಸಿಯಾ, ಅಂದರೆ ದಪ್ಪ ಆಗುವ ಭಯಕ್ಕೆ ಊಟ ಬಿಡುವ ಕಾಯಿಲೆ, ಇರುವ ಹುಡುಗಿಯರಿಗೆ ಈ ಗುಳಿಗೆ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಎಲುಬಿಗೆ ಲಾಭ ಕಾಣಲಿಲ್ಲ. ಚರ್ಮದ ಮೇಲೆ ಅಂಟಿಸುವ ಈಸ್ಟ್ರೋಜೆನ್ ಪಟ್ಟಿಯಿಂದ ಹದಿಹರೆಯದವರಿಗೆ ಸ್ವಲ್ಪ ಉಪಯೋಗ ಆಗಿದೆ, ಅದನ್ನು ಹಾರ್ಮೋನ್ ತಜ್ಞರು ನೋಡಿ ಕೊಡಬೇಕು. ಎಲ್ಲಕ್ಕಿಂತ ದೊಡ್ಡ ಔಷಧಿ ತೂಕ ಮರಳಿ ಬರುವುದು, ಮುಟ್ಟು ತಾನಾಗಿ ಮರಳುವುದು. ಆಗ ಸವೆತ ನಿಲ್ಲುತ್ತದೆ, ಸ್ವಲ್ಪ ಮಟ್ಟಿಗೆ ತುಂಬಿಕೊಳ್ಳುತ್ತದೆ. ನಿನಗೆ ಇಪ್ಪತ್ತಾರು ಅಂದರೆ ಇನ್ನೂ ಸಮಯ ಇದೆ, ನಿಜವಾಗಿ ಇದೆ.

ಇನ್ನೊಂದು, ಎಲ್ಲರಿಗೂ. ಬಹಳ ದಿನ ಉಣ್ಣದೆ ತೀರಾ ಸೊರಗಿದವರಿಗೆ ಮನೆಯಲ್ಲಿ ಒಮ್ಮೆಲೇ ತುಪ್ಪ, ಹೋಳಿಗೆ ಅಂತ ತುಂಬಬೇಡಿ. ರಕ್ತದಲ್ಲಿ ಫಾಸ್ಫೇಟ್ ದಿಢೀರನೆ ಇಳಿದು ಹೃದಯಕ್ಕೇ ಅಪಾಯ ಆಗುತ್ತದೆ. ಅಂಥವರನ್ನು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ರಕ್ತ ಪರೀಕ್ಷೆ ನೋಡಿಕೊಂಡು ನಿಧಾನಕ್ಕೆ ಊಟ ಏರಿಸುತ್ತಾರೆ.


ಬೈಲಹೊಂಗಲದ ರೊಟ್ಟಿ

ತಂಗಿ, ನಿನ್ನದು ಓದಿದೆ. ನಮ್ಮ ಮನೆಯಲ್ಲೂ ಹತ್ತನೇ ತರಗತಿಯ ಹುಡುಗಿ ಇದ್ದಾಳೆ. ಇವತ್ತಿಂದ ಅವಳ ದಪ್ಪ, ತೆಳುವಿನ ಮಾತು ಮನೆಯಲ್ಲಿ ಯಾರೂ ಆಡಬಾರದು ಅಂತ ಹೇಳಿದ್ದೇನೆ, ಬರುವ ನೆಂಟರಿಗೂ ಹೇಳುತ್ತೇನೆ.


ಸೈಕಲ್ ಮಗಳ ಅವ್ವ, ಜಮಖಂಡಿ ಕಡೆ

ನನ್ನ ಮಗಳು ಸೈಕಲ್ ಓಡಿಸುತ್ತಾಳೆ. ವಿಜಯಪುರ, ಬಾಗಲಕೋಟೆ ಕಡೆಯ ಮಕ್ಕಳು ಸೈಕ್ಲಿಂಗ್‌ನಲ್ಲಿ ಎಷ್ಟು ಮುಂದೆ ಹೋಗಿದ್ದಾರೆ ಅಂತ ನಿಮಗೆಲ್ಲ ಗೊತ್ತು, ನಮಗೂ ಅದೇ ಕನಸು. ವರ್ಷದಿಂದ ಅವಳಿಗೆ ಮುಟ್ಟು ಸರಿಯಾಗಿ ಆಗುತ್ತಿಲ್ಲ. ಜೊತೆಯ ಹುಡುಗಿಯರಿಗೂ ಹಾಗೇ ಇದೆಯಂತೆ, ಪ್ರಾಕ್ಟೀಸ್ ಜೋರಾದರೆ ಹಾಗಾಗುವುದು ಸಹಜ ಅಂತ ಮಾತು. ಅವಳು ತೀರಾ ತೆಳ್ಳಗೂ ಇಲ್ಲ. ಊಟ ಬಿಡುವುದೂ ಇಲ್ಲ, ಹಾಸ್ಟೆಲಿನಲ್ಲಿ ಕೊಟ್ಟದ್ದು ಉಣ್ಣುತ್ತಾಳೆ. ಆದರೂ ಚಿಂತೆ ಮಾಡಬೇಕಾ?


ಪಿಟಿ ಮಾಸ್ತರ, ಅಥಣಿ

ಅಕ್ಕಾ, ಮಾಡಬೇಕು. ನಾನು ಹೆಣ್ಣುಮಕ್ಕಳಿಗೆ ಓಟ, ಕುಸ್ತಿ ಎರಡೂ ಕಲಿಸುವವನು. ಗಂಡಸು ಮಾಸ್ತರರಿಗೆ ಈ ಮಾತು ಕೇಳಲು ಸಂಕೋಚ, ಮಕ್ಕಳಿಗೆ ಹೇಳಲು ಸಂಕೋಚ, ಇದರ ನಡುವೆ ಎಲುಬು ಹೋಗುತ್ತದೆ. ನಾನು ಈಗ ಒಬ್ಬ ಹಿರಿಯ ಹುಡುಗಿಗೆ ಪಟ್ಟಿ ಇಡಲು ಹೇಳಿದ್ದೇನೆ. ಯಾರಿಗಾದರೂ ಮೂರು ತಿಂಗಳು ಮುಟ್ಟು ತಪ್ಪಿದರೆ ಮನೆಗೆ ತಿಳಿಸುತ್ತೇವೆ, ಡಾಕ್ಟರ್ ಹತ್ತಿರ ಕಳಿಸುತ್ತೇವೆ.

ಊಟ ಬಿಡದೆಯೂ ಹೀಗಾಗುತ್ತದೆ. ಬೆವರು ಸುರಿಸಿ ಖರ್ಚು ಮಾಡಿದಷ್ಟು ಒಳಗೆ ಹೋಗದಿದ್ದರೆ ಮೈ ಮೊದಲು ನಿಲ್ಲಿಸುವ ಕೆಲಸಗಳಲ್ಲಿ ಮುಟ್ಟೂ ಒಂದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದಕ್ಕೆ ರೆಡ್-ಎಸ್ ಅಂತ ಹೆಸರು ಕೊಟ್ಟಿತು. ಅದಕ್ಕೂ ಮೊದಲೇ, 1990ರ ದಶಕದಿಂದ, ಕಡಿಮೆ ಊಟ, ನಿಂತ ಮುಟ್ಟು, ಸವೆದ ಎಲುಬು ಮೂರೂ ಒಟ್ಟಿಗೆ ಬರುತ್ತವೆ ಅಂತ ಕ್ರೀಡಾ ವೈದ್ಯರು ಹೇಳುತ್ತಿದ್ದರು. ಸೈಕಲ್‌ನಲ್ಲಿ ಇನ್ನೊಂದು ಸಮಸ್ಯೆ ಇದೆ. ಮೈಭಾರ ಸೀಟಿನ ಮೇಲೆ ಇರುತ್ತದೆ, ಓಡುವಾಗ ನೆಲದಿಂದ ಬರುವ ಹೊಡೆತ ಎಲುಬಿಗೆ ಬೀಳುವುದಿಲ್ಲ. ಗಂಟೆಗಟ್ಟಲೆ ಸೈಕಲ್ ಹೊಡೆಯುವವರ ಬೆನ್ನೆಲುಬು ಓಟಗಾರರಿಗಿಂತ ಕಡಿಮೆ ಗಟ್ಟಿ ಇರುವುದು ಕಂಡುಬಂದಿದೆ. ಸೈಕಲ್ ಬಿಡಿಸುವುದು ಬೇಡ. ವಾರದಲ್ಲಿ ಕೆಲವು ದಿನ ಭಾರ ಎತ್ತುವುದು, ಹಗ್ಗದಾಟ ಸೇರಿಸಿ. ಅದಕ್ಕೂ ಮೊದಲು ಊಟ ಏರಿಸಿ. ಮುಟ್ಟು ಮರಳುವ ಮುಂಚೆ ಜಿಗಿತ ಜಾಸ್ತಿ ಮಾಡಿಸಿದರೆ ಬಿರುಕು ಬಿಡುವ ಅಪಾಯ ಇದೆ.

ಕುಸ್ತಿ ಹುಡುಗಿಯರಿಗೆ ತೂಕ ಇಳಿಸುವ ಕಾಟ ಬೇರೆ. ಸ್ಪರ್ಧೆಯ ಹಿಂದಿನ ದಿನ ನೀರು ಸಹ ಬಿಡಿಸುವವರು ಇದ್ದಾರೆ. ಇದನ್ನು ನಾವು ಮಾಸ್ತರರೇ ನಿಲ್ಲಿಸಬೇಕು, ಬೇರೆ ಯಾರೂ ಬಂದು ನಿಲ್ಲಿಸುವುದಿಲ್ಲ.


ಕಬ್ಬಿನ ಹೊಲ, ಮುಧೋಳ

ನನ್ನದು ಬೇರೆ ಕಥೆ. ನನಗೆ ಮೂವತ್ತಾರಕ್ಕೆ ಗರ್ಭಚೀಲ ತೆಗೆಸಿದ್ದಾರೆ. ಬಿಳಿ ಹೋಗುತ್ತಿತ್ತು, ಹೊಟ್ಟೆನೋವು, ಮುಂದೆ ಕ್ಯಾನ್ಸರ್ ಆಗಬಹುದು ಅಂತ ಹೆದರಿಸಿದರು. ಈಗ ನಲವತ್ತೊಂದು. ಮೈ ಬಿಸಿ ಆಗುವುದು, ನಿದ್ದೆ ಇಲ್ಲ, ಬೆನ್ನು ಸೊಂಟ ಹಿಡಿದುಕೊಳ್ಳುತ್ತದೆ. ನನಗೂ ಈ ಎಲುಬು ಸವೆತ ಬರುತ್ತದಾ? ನಮ್ಮ ಓಣಿಯಲ್ಲಿ ನನ್ನಂಥವರು ಬಹಳ ಜನ ಇದ್ದೇವೆ.


ಎಲುಬಿನ ವಾರ್ಡ್ ಅಕ್ಕ, ವಿಜಯಪುರ

ಅಕ್ಕಾ, ನಿಮ್ಮ ಡಿಸ್ಚಾರ್ಜ್ ಕಾರ್ಡ್ ಹುಡುಕಿ. ಗರ್ಭಚೀಲ ಮಾತ್ರ ತೆಗೆದರಾ, ಅಂಡಾಶಯ ಎರಡೂ ತೆಗೆದರಾ ಅನ್ನುವುದು ಅದರಲ್ಲಿ ಇರುತ್ತದೆ. ಈ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಅಂಡಾಶಯ ತೆಗೆದಿದ್ದರೆ ಈಸ್ಟ್ರೋಜೆನ್ ಆಪರೇಷನ್ ಆದ ದಿನದಿಂದಲೇ ಬಿದ್ದುಹೋಗಿರುತ್ತದೆ. ಉಳಿಸಿದ್ದರೂ ಕೆಲವರಿಗೆ ಬೇಗ ಬತ್ತುತ್ತದೆ. ಭಾರತದಲ್ಲಿ ಹೆಂಗಸರಿಗೆ ತಾನಾಗಿ ಮುಟ್ಟು ನಿಲ್ಲುವುದೇ ಸರಾಸರಿ 46-47ರ ಹತ್ತಿರ, ಪಶ್ಚಿಮದ ದೇಶಗಳಿಗಿಂತ ನಾಲ್ಕೈದು ವರ್ಷ ಮುಂಚೆ. ಮೂವತ್ತಾರಕ್ಕೆ ಅಂದರೆ ಎಲುಬು ಹತ್ತು ವರ್ಷ ಜಾಸ್ತಿ ಬರಿದಾಗಿ ಇರಬೇಕಾಗುತ್ತದೆ.

45ರ ಒಳಗೆ ಹೀಗಾದವರಿಗೆ, ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಇತಿಹಾಸ ಇಂಥದ್ದೇನೂ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ ಹಾರ್ಮೋನ್ ಚಿಕಿತ್ಸೆ ಕೊಡುವುದು ರೂಢಿ. ಬಹಳ ಜನರಿಗೆ ಇದನ್ನು ಯಾರೂ ಹೇಳಿಯೇ ಇರುವುದಿಲ್ಲ. ಸ್ತ್ರೀರೋಗ ತಜ್ಞರ ಹತ್ತಿರ ನೇರವಾಗಿ ಕೇಳಿ.

ಪಕ್ಕದ ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಂಗಸರ ಗರ್ಭಚೀಲ ಸಣ್ಣ ವಯಸ್ಸಿಗೇ ತೆಗೆಸಿದ ಸುದ್ದಿ 2019ರಲ್ಲಿ ದೇಶವಿಡೀ ಆಯಿತು. ಮುಟ್ಟಿನ ದಿನ ಕೆಲಸ ತಪ್ಪಿದರೆ ಕೂಲಿ ಹೋಗುತ್ತದೆ, ದಂಡ ಬೀಳುತ್ತದೆ ಅನ್ನುವ ಹೆದರಿಕೆ ಅದರ ಹಿಂದೆ ಇತ್ತು. ನಮ್ಮ ಬೆಳಗಾವಿ, ಬಾಗಲಕೋಟೆಯೂ ಕಬ್ಬಿನ ಸೀಮೆ. ಬಿಳಿ ಹೋಗುವುದಕ್ಕೆ ಬಹಳ ಸಲ ಗುಳಿಗೆ ಸಾಕು. ಗರ್ಭಚೀಲ ತೆಗೆಯಬೇಕು ಅಂತ ಯಾರೇ ಹೇಳಲಿ, ಇನ್ನೊಬ್ಬ ಡಾಕ್ಟರ್ ಅಭಿಪ್ರಾಯ ಕೇಳದೆ ಒಪ್ಪಬೇಡಿ.


ಡಯಟ್ ಓದುವವಳು, ಬೆಳಗಾವಿ

ಊಟದ ವಿಷಯ ನಾನು ಬರೆಯುತ್ತೇನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಲ್ಲಿ ದೊಡ್ಡ ಹೆಂಗಸಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ, ಮುಟ್ಟು ನಿಂತವರಿಗೆ 1200 ಬೇಕು. ನಮ್ಮ ಜೋಳ ಬೇರೆ ಎಲ್ಲದಕ್ಕೂ ಒಳ್ಳೆಯದು, ಆದರೆ 100 ಗ್ರಾಂ ಜೋಳದಲ್ಲಿ ಕ್ಯಾಲ್ಸಿಯಂ 30 ಮಿಲಿಗ್ರಾಂ ಕೂಡ ಇಲ್ಲ. ರಾಗಿಯಲ್ಲಿ 350ರ ಆಸುಪಾಸು ಇದೆ, ಅದು ನಮ್ಮ ತಾಟಿನಲ್ಲಿ ಇರುವುದು ಅಪರೂಪ. ಹಾಗಾಗಿ ರೊಟ್ಟಿ ಉಂಡು ಎಲುಬು ಗಟ್ಟಿ ಅನ್ನುವ ಮಾತು ರೊಟ್ಟಿಯ ಜೊತೆಗೆ ಏನಿದೆ ಅನ್ನುವುದರ ಮೇಲೆ ನಿಂತಿದೆ. ಹಾಲು, ಮೊಸರು 100 ಗ್ರಾಂಗೆ ಸುಮಾರು 120. ಎಳ್ಳಿನಲ್ಲಿ 100 ಗ್ರಾಂಗೆ ಸಾವಿರ ದಾಟುತ್ತದೆ, ಸಿಪ್ಪೆ ಸಮೇತ ಇರಬೇಕು. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡುತ್ತೇವಲ್ವಾ, ಅದನ್ನು ವರ್ಷವಿಡೀ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಗುರೆಳ್ಳು ಚಟ್ನಿ, ಹುರುಳಿ, ನುಗ್ಗೆ ಸೊಪ್ಪು, ಮೆಂತ್ಯೆ ಪಲ್ಯ ಎಲ್ಲ ಒಳ್ಳೆಯವು. ಪಾಲಕದಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲೇ ಇರುವ ಆಕ್ಸಲೇಟ್ ಅನ್ನುವ ಅಂಶ ಅದನ್ನು ಹಿಡಿದುಕೊಳ್ಳುತ್ತದೆ, ಮೈಗೆ ಸಿಗುವುದು ಕಡಿಮೆ.

ಮನೆಗಳಲ್ಲಿ ನಾನು ಕಾಣುವುದು ಇದು. ಹಾಲು ಗಂಡಸರಿಗೆ, ಮಕ್ಕಳಿಗೆ. ಹೆಂಗಸರಿಗೆ ಚಹಾದಲ್ಲಿ ಹಾಕಿದಷ್ಟೇ. ಕೊನೆಗೆ ಉಣ್ಣುವವರು ಅವರೇ, ಆಗ ಮೊಸರಿನ ಗಡಿಗೆ ಖಾಲಿ. ಇದು ಬದಲಾಗದೆ ಗುಳಿಗೆ ಕೊಟ್ಟು ಏನು ಪ್ರಯೋಜನ?

ಆದರೆ ಊಟಕ್ಕೇ ಹೆದರುವ ಹುಡುಗಿಗೆ ದಯವಿಟ್ಟು ಈ ಮಿಲಿಗ್ರಾಂ ಲೆಕ್ಕ ಕೊಡಬೇಡಿ. ಅವಳು ಈಗಾಗಲೇ ಲೆಕ್ಕದಲ್ಲಿ ಸಾಯುತ್ತಿರುತ್ತಾಳೆ. ಅವಳ ಜೊತೆ ಕೂತು ಉಣ್ಣಿ. ಮೈಗೆ ಒಟ್ಟು ಊಟವೇ ಸಾಲದಿದ್ದಾಗ ಬರೀ ಕ್ಯಾಲ್ಸಿಯಂ ಗುಳಿಗೆ ಅವಳ ಎಲುಬು ಉಳಿಸುವುದಿಲ್ಲ.


ಸೈಕಲ್ ಮಗಳ ಅವ್ವ, ಜಮಖಂಡಿ ಕಡೆ

ಎಲ್ಲರಿಗೂ ಧನ್ಯವಾದ. ಡಾಕ್ಟರ್ ಹತ್ತಿರ ಏನು ಕೇಳಬೇಕು? ಔಷಧಿ ಅಂಗಡಿ ಮುಂದೆ ಶಿಬಿರದಲ್ಲಿ ಹಿಮ್ಮಡಿಗೆ ಯಂತ್ರ ಇಟ್ಟು ನೋಡುತ್ತಾರಲ್ಲ, ಅದು ಸಾಕಾ? ವಿಟಮಿನ್ ಡಿ ನಮ್ಮ ಬಿಸಿಲಿನಲ್ಲಿ ಕಡಿಮೆ ಆಗಲು ಸಾಧ್ಯವಾ?


ಎಲುಬಿನ ವಾರ್ಡ್ ಅಕ್ಕ, ವಿಜಯಪುರ

ಹಿಮ್ಮಡಿ ಯಂತ್ರ ಸಾಲದು, ಅದರ ಮೇಲೆ ಔಷಧಿ ಶುರು ಮಾಡಬಾರದು. ಬೇಕಾದದ್ದು ಸೊಂಟ, ಬೆನ್ನೆಲುಬಿನ ಡೆಕ್ಸಾ. ವಯಸ್ಸಿಗೆ ಮುಟ್ಟು ನಿಂತವರಿಗೆ ಟಿ-ಸ್ಕೋರ್ ನೋಡುತ್ತಾರೆ, ಅದು ಆರೋಗ್ಯವಂತ ಯುವತಿಯರ ಎಲುಬಿಗೆ ಹೋಲಿಸಿದ ಅಂಕ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಸವೆತದ ಕಾಯಿಲೆ. ಹುಡುಗಿಯರಿಗೆ ಅದೇ ವಯಸ್ಸಿನವರಿಗೆ ಹೋಲಿಸಿದ ಝಡ್-ಸ್ಕೋರ್ ನೋಡಬೇಕು, ಮೈನಸ್ 2 ಅಥವಾ ಅದಕ್ಕಿಂತ ಕೆಳಗೆ ಇದ್ದರೆ ವಯಸ್ಸಿಗೆ ತಕ್ಕಷ್ಟು ಇಲ್ಲ ಅಂತ. ಮಗಳ ರಿಪೋರ್ಟಿನಲ್ಲಿ ಟಿ-ಸ್ಕೋರ್ ಮಾತ್ರ ಬರೆದಿದ್ದರೆ ಝಡ್-ಸ್ಕೋರ್ ಕೇಳಿ ಬರೆಸಿಕೊಳ್ಳಿ. ಮುಟ್ಟು ಏಕೆ ನಿಂತಿದೆ ಅಂತ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು, ಗರ್ಭಧಾರಣೆ ಪರೀಕ್ಷೆ, ಪಿಸಿಓಎಸ್ ಅನ್ನುವ ಅಂಡಾಶಯದ ತೊಂದರೆ ಎಲ್ಲ ಮೊದಲು ನೋಡುತ್ತಾರೆ, ಅದಕ್ಕೆ ಮುಜುಗರ ಬೇಡ.

ಬಿಸಿಲು ಹೊರಗಿದೆ, ಹೆಂಗಸರು ಒಳಗಿದ್ದಾರೆ ಅಲ್ವಾ. ಹೊರಗೆ ಬಂದರೂ ಸೆರಗು, ದುಪಟ್ಟಾ, ತುಂಬುತೋಳು. ವಿಟಮಿನ್ ಡಿ ಕೊರತೆ ನಮ್ಮಲ್ಲಿ ಬಹಳ ಸಾಮಾನ್ಯ. ಆದರೆ 60,000 ಯೂನಿಟ್ಟಿನ ಪೊಟ್ಟಣ ವಾರಕ್ಕೊಂದರಂತೆ ಡಾಕ್ಟರ್ ಹೇಳಿದಷ್ಟು ವಾರ ಮಾತ್ರ. ತಿಂಗಳುಗಟ್ಟಲೆ ತಾವೇ ತಂದು ಕುಡಿದರೆ ಮೂತ್ರಪಿಂಡಕ್ಕೆ ತೊಂದರೆ.

ಮಂಡಿನೋವಿಗೆ ಅಂತ ಹಳ್ಳಿಯಲ್ಲಿ ಹೆಸರಿಲ್ಲದ ಪುಡಿಕೆ ಕಟ್ಟಿ ಕೊಡುತ್ತಾರಲ್ಲ, ಅವುಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ. ನೋವು ಮಾಯ, ಎಲುಬೂ ಮಾಯ. ಅವ್ವಂದಿರಿಗೆ ಇದನ್ನು ನಿಲ್ಲಿಸಿ. ವರ್ಷಗಟ್ಟಲೆ ತಿಂದವರು ಒಮ್ಮೆಲೇ ಬಿಡಬಾರದು, ಡಾಕ್ಟರಿಗೆ ತೋರಿಸಿ ನಿಧಾನಕ್ಕೆ ಬಿಡಬೇಕು.

ಮನಸ್ಸಿನ ಸಹಾಯಕ್ಕೆ ಸರ್ಕಾರದ ಫೋನ್ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಹಣ ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದಲ್ಲಿ ಧಾರವಾಡದ ಡಿಮ್ಹಾನ್ಸ್ ಅನ್ನುವ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಇದೆ. ಹುಚ್ಚಾಸ್ಪತ್ರೆ ಅಂತ ಹೆದರಬೇಡಿ. ಊಟದ ಭಯಕ್ಕೆ ಎಲುಬಿನ ಡಾಕ್ಟರ್ ಹತ್ತಿರ ಔಷಧಿ ಇಲ್ಲ, ಮನಸ್ಸಿನ ಡಾಕ್ಟರ್ ಜೊತೆಗಿದ್ದರೇ ಈ ಚಿಕಿತ್ಸೆ ಪೂರ್ತಿ.


ಹೆಸರು ಬೇಡ, ಬೆಳಗಾವಿ

ಅಕ್ಕಾ, ನಮ್ಮ ಅವ್ವನಿಗೆ ವಾರಕ್ಕೊಮ್ಮೆ ನುಂಗುವ ಎಲುಬು ಸವೆತದ ಗುಳಿಗೆ, ಅಲೆಂಡ್ರೊನೇಟ್ 70 ಮಿಲಿಗ್ರಾಂ, ಬರೆದಿದ್ದಾರೆ. ನನಗೆ ಯಾಕೆ ಅದನ್ನು ಕೊಡಲಿಲ್ಲ? ನನ್ನದೇ ರಿಪೋರ್ಟ್ ಕೆಟ್ಟದಾಗಿತ್ತು.


ಎಲುಬಿನ ವಾರ್ಡ್ ಅಕ್ಕ, ವಿಜಯಪುರ

ಆ ಔಷಧಿ ಎಲುಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮುಂದೆ ಮಗು ಆಗಬಹುದಾದ ಹುಡುಗಿಯರಿಗೆ ಡಾಕ್ಟರುಗಳು ಬಹಳ ಯೋಚಿಸಿ, ಬೇರೆ ದಾರಿ ಇಲ್ಲದಾಗ ಮಾತ್ರ ಕೊಡುತ್ತಾರೆ. ನಿನಗೆ ಊಟ, ತೂಕ, ಮುಟ್ಟು ಮೊದಲು. ಅವ್ವನಿಗೆ ಅದು ಸರಿಯಾದ ಔಷಧಿ. ಕೆಲವರಿಗೆ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಸಲೈನ್ ಹಾಕುತ್ತಾರೆ, ಹಾಕಿದ ಮೇಲೆ ಒಂದೆರಡು ದಿನ ಜ್ವರ, ಮೈಕೈ ನೋವು ಬರಬಹುದು, ಹೆದರಬೇಡಿ. ಆರು ತಿಂಗಳಿಗೊಮ್ಮೆ ಡೆನೊಸುಮ್ಯಾಬ್ ಇಂಜೆಕ್ಷನ್ ಯಾರಿಗಾದರೂ ಶುರುವಾಗಿದ್ದರೆ ಮಾತ್ರ ದಿನ ತಪ್ಪಿಸಬೇಡಿ. ಬಿಟ್ಟರೆ ಎಲುಬು ದಿಢೀರನೆ ಸವೆದು ಬೆನ್ನುಮಣಿ ಒಂದರ ಹಿಂದೆ ಒಂದು ಮುರಿದ ಉದಾಹರಣೆಗಳಿವೆ. ಹಲ್ಲು ಕೀಳಿಸುವುದಿದ್ದರೆ ಇವೆಲ್ಲ ಶುರು ಮಾಡುವ ಮುಂಚೆಯೇ ಮುಗಿಸಿಕೊಳ್ಳಿ.

ಬೆನ್ನುಮಣಿ ಈಗಾಗಲೇ ಕುಸಿದ ಅವ್ವಂದಿರು ಬಗ್ಗಿ ಕೊಡ ಎತ್ತಬಾರದು, ಮುಂದಕ್ಕೆ ಬಾಗುವ ಆಸನ ಮಾಡಬಾರದು. ನಡೆಯಲಿ, ಬೆನ್ನು ನೇರ ಮಾಡುವ ವ್ಯಾಯಾಮ ಕಲಿಯಲಿ.


ಹೆಸರು ಬೇಡ, ಬೆಳಗಾವಿ

ಅವ್ವ ಆ ಗುಳಿಗೆಯನ್ನು ಬೆಳಗಿನ ಚಹಾ ಜೊತೆ ನುಂಗುತ್ತಾಳೆ, ಆಮೇಲೆ ಸ್ವಲ್ಪ ಅಡ್ಡಾಗುತ್ತಾಳೆ. ಎದೆ ಉರಿ ಅಂತಾಳೆ. ಪರವಾಗಿಲ್ವಾ?


ಎಲುಬಿನ ವಾರ್ಡ್ ಅಕ್ಕ, ವಿಜಯಪುರ

ಅಯ್ಯೋ, ಎರಡೂ ಬೇಡ ತಂಗಿ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಒಂದು ದೊಡ್ಡ ಲೋಟ ಬರೀ ನೀರಿನ ಜೊತೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಚಹಾ ಇಲ್ಲ, ಹಾಲು ಇಲ್ಲ, ತಿಂಡಿ ಇಲ್ಲ, ಕ್ಯಾಲ್ಸಿಯಂ ಗುಳಿಗೆಯೂ ಇಲ್ಲ. ಮಲಗಲೇಬಾರದು, ಕೂತಿರಲಿ ಅಥವಾ ಓಡಾಡಲಿ. ಅಡ್ಡಾದರೆ ಗುಳಿಗೆ ಅನ್ನನಾಳದಲ್ಲೇ ನಿಂತು ಹುಣ್ಣಾಗುತ್ತದೆ. ಈಗಾಗಲೇ ಎದೆ ಉರಿ ಇದೆ ಅಂದರೆ ಮುಂದಿನ ಗುಳಿಗೆ ನುಂಗುವ ಮುಂಚೆ ಬರೆದುಕೊಟ್ಟ ಡಾಕ್ಟರಿಗೆ ತೋರಿಸಿ. ಇನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಗುಳಿಗೆ ಮಧ್ಯಾಹ್ನ ಊಟದ ಜೊತೆ ಕೊಡು, ಕಬ್ಬಿಣಾಂಶದ ಗುಳಿಗೆ ಇದ್ದರೆ ಅದನ್ನು ಬೇರೆ ಹೊತ್ತಿಗೆ.


ಕಬ್ಬಿನ ಹೊಲ, ಮುಧೋಳ

ಡಿಸ್ಚಾರ್ಜ್ ಕಾರ್ಡ್ ಸಿಕ್ಕಿತು ಅಕ್ಕಾ. ಎರಡೂ ಅಂಡಾಶಯ ತೆಗೆದಿದ್ದಾರೆ. ಸೋಮವಾರ ತೋರಿಸಲು ಹೋಗುತ್ತೇನೆ, ಓಣಿಯ ಇನ್ನಿಬ್ಬರನ್ನೂ ಕಾರ್ಡ್ ಹಿಡಿದು ಬನ್ನಿ ಅಂತ ಕರೆದಿದ್ದೇನೆ.